ಡಬ್ಬಿ ಬಿಟ್ಟ ಕೇಕು

ಕೇಕು ಡಬ್ಬಿಯಿಂದ ಅರ್ಧವೇ ಹೊರಗೆ ಬಂದಾಗ ಮಧ್ಯಾಹ್ನ ಹನ್ನೆರಡೂವರೆ. ಮೇಲಿನ ಅರ್ಧ ತಟ್ಟೆಯಲ್ಲಿ ಮುಗ್ಗರಿಸಿ ಬಿದ್ದಿತ್ತು, ಕೆಳಗಿನ ಅರ್ಧ ತಳ ಹಿಡಿದು ಕೂತಿತ್ತು. ಸಂಕೇತ ಚಮಚದಿಂದ ಕೆರೆದ, ಡಬ್ಬಿ ತಿರುಗಿಸಿ ಬಡಿದ, ಕೊನೆಗೆ ಅದಕ್ಕೆ ಕೈಯನ್ನೂ ಮುಗಿದ. ಬರಲಿಲ್ಲ.

ಬೇರೆ ದಿನವಾಗಿದ್ದರೆ ಚಮಚದಲ್ಲೇ ತಿಂದು ಮುಗಿಸುತ್ತಿದ್ದ. ಆದರೆ ಇವತ್ತು ಆ ಕೇಕಿನ ಮೇಲೆ ಅವನ ಸಂಸಾರವೇ ನಿಂತಿತ್ತು. ಹೆಂಡತಿ ಮಂಜರಿ ಆಳಂದದಲ್ಲಿ ಟೀಚರು. ಇವನು ಜೇವರ್ಗಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಭಾನುವಾರಕ್ಕೊಮ್ಮೆ ಕಲಬುರಗಿಯಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟುತ್ತಿದ್ದ. ಹೀಗೇ ಮೂರು ವರ್ಷ ಕಳೆದಿತ್ತು. ಮಗಳಿಗೂ ಮೂರೇ ವರ್ಷ. ಹೋದ ವಾರ ಬಾಗಿಲಲ್ಲಿ ಇವನನ್ನು ಕಂಡು, "ಮಮ್ಮಿ, ಅಂಕಲ್ ಬಂದಾರ" ಎಂದು ಕೂಗಿದ್ದಳು. ಅವತ್ತಿನಿಂದ ಸಂಕೇತನಿಗೆ ಊಟ ಸೇರುತ್ತಿರಲಿಲ್ಲ.

ಆಳಂದಕ್ಕೆ ವರ್ಗಾವಣೆಯ ಆದೇಶವೇನೋ ಬಂದಿತ್ತು. ಆದರೆ ರಿಲೀವ್ ಮಾಡುವ ಕಾಗದಕ್ಕೆ ವ್ಯಂಕಟೇಶ ಸಾಹೇಬರು ಸಹಿ ಹಾಕಬೇಕಲ್ಲ! "ನಿಮ್ಮ ಜಾಗಾಕ್ಕ ಯಾರರೇ ಬರ್ಲಿ, ನೋಡೋಣು" ಎನ್ನುತ್ತ ಇಪ್ಪತ್ತು ದಿನ ತಳ್ಳಿದ್ದರು. ಇವತ್ತು ಕೊನೆಯ ದಿನ. ಸಂಜೆಯೊಳಗೆ ರಿಲೀವ್ ಆಗದಿದ್ದರೆ ಆದೇಶ ರದ್ದು.

ಇವತ್ತೇ ಸಾಹೇಬರ ಹುಟ್ಟುಹಬ್ಬ ಕೂಡ. ಕೇಕಿನ ಉಪಾಯ ಹೇಳಿದವರು ಹೆಡ್ ಕ್ಲಾರ್ಕ್ ದೌಲತರಾಯರು. "ಬೇಕರೀದು ಬ್ಯಾಡಪಾ. ಸಾಹೇಬ್ರ ಮನ್ಯಾಗ ತತ್ತಿ ನಡ್ಯಂಗಿಲ್ಲ. ಹೋದ ವರ್ಷ ಮಥುರಾಬಾಯಿಯವ್ರು ವಾಸನಿ ನೋಡಿ ಹಂಗೇ ವಾಪಸ್ ಕಳ್ಸಿದ್ರು. ನೀ ಮನ್ಯಾಗೇ ತತ್ತಿ ಇಲ್ದೆ ಮಾಡು. ನಾಕೂವರೀಗೆ ಕಟ್ ಮಾಡ್ಸೋಣು, ಬಾಯಿ ಸಿಹಿ ಇದ್ದಾಗೇ ಕಾಗದಾ ಮುಂದಿಡೋಣು."

ಅದಕ್ಕೇ ಇವತ್ತು ರಜೆ ಹಾಕಿ, ಕುಕ್ಕರಿನ ತಳಕ್ಕೆ ಉಪ್ಪು ಸುರಿದು, ಮೊಟ್ಟೆಯಿಲ್ಲದೆ ಜೀವಮಾನದ ಮೊದಲ ಕೇಕು ಬೇಯಿಸಿದ್ದ. ಅಷ್ಟರಲ್ಲಿ ದೌಲತರಾಯರ ಫೋನು.

"ಆತೇನಪಾ?"

"ಅರ್ಧ ಆಗ್ಯದರಿ."

"ಅರ್ಧ ಕೇಕಿಗೆ ಅರ್ಧ ಸಹಿ ಹಾಕ್ತಾರ ನೋಡು! ಲಗೂನ ಮಾಡು."

ಡಬ್ಬಿ ಬಡಿದ ಸಪ್ಪಳಕ್ಕೆ ಮನೆಯ ಮಾಲಕಿ ಗುರುಶಾಂತಮ್ಮ ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದರು. ಬಾಡಿಗೆದಾರರ ಅಡುಗೆಮನೆ ಅವರಿಗೆ ತಮ್ಮದೇ ಅಡುಗೆಮನೆ. ಡಬ್ಬಿಯೊಳಗೆ ಇಣುಕಿ ಕೇಳಿದರು, "ತಳಕ್ಕೇನು ಹಚ್ಚಿದ್ದಿ?"

"ಏನೂ ಇಲ್ರಿ."

"ಹಂಗಾದ್ರ ಹತ್ತದೆ ಏನು ಮಾಡ್ತದ? ಕುಸುಬಿ ಎಣ್ಣಿ ಹಾಕು. ಕೈ ಬಿಟ್ಟು ಹಾಕು."

ಇವನ ಕೈಯ ಮೇಲೆ ನಂಬಿಕೆ ಸಾಲದೆ ತಾವೇ ಹಾಕಿದರು. ಎರಡು ಗಂಟೆಗೆ ಎರಡನೆಯ ಕೇಕು ಬೆಂದಿತು. ಸಂಕೇತ ಉಸಿರು ಬಿಗಿಹಿಡಿದು ಡಬ್ಬಿ ಬೋರಲು ಹಾಕಿದ. ಎಣ್ಣೆಯಲ್ಲಿ ಮಿಂದ ಕೇಕು ಡಬ್ಬಿಯಿಂದ ಜಾರಿ ತಟ್ಟೆಗೆ ಬಂತು, ಅಲ್ಲೂ ನಿಲ್ಲದೆ ತಟ್ಟೆಯಿಂದ ಜಾರಿ ನೆಲಕ್ಕೆ ಬಿದ್ದು ನಾಲ್ಕು ಚೂರಾಯಿತು.

"ಹತ್ಲಿಲ್ಲ ನೋಡು!" ಎಂದರು ಗುರುಶಾಂತಮ್ಮ, ಬಹಳ ಸಮಾಧಾನದಿಂದ.

ಸಂಕೇತ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟ. ಇನ್ನೊಂದೇ ಕೇಕಿಗಾಗುವಷ್ಟು ಮೈದಾ ಉಳಿದಿತ್ತು. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಖಾಸೀಂಬಿ ಕಿಟಕಿಯಿಂದ ಎಲ್ಲ ನೋಡಿದ್ದಳು. ಮದುವೆ ಮನೆಗಳಿಗೆ ನಾನಖಟಾಯಿ ಮಾಡಿಕೊಡುವವಳು. ಅವಳಿಗೆ ತಡೆಯಲಾಗಲಿಲ್ಲ.

"ಅಯ್ಯ ಭಾಯಿ, ಡಬ್ಬಿ ಒಣಾ ಒರಸ್ರಿ ಮೊದ್ಲು. ತುಪ್ಪ ತೆಳ್ಳಗ ಸವರ್ರಿ, ಮ್ಯಾಲ ಹಿಟ್ಟು ಉದುರ್ಸಿ ಝಾಡಿಸ್ರಿ. ಬೆಂದ ಮ್ಯಾಲ ಹದಿನೈದು ಮಿನಿಟು ಸಬರ್ ಮಾಡ್ರಿ. ಬಿಸಿ ಇದ್ದಾಗೇ ತಿರುವಿ ಹಾಕ್ತೀರಿ, ಖರಾಬಾಗೋದು ಅಲ್ಲೇ."

ಉದುರಿಸಲು ಮೈದಾ ಇರಲಿಲ್ಲ. ಗುರುಶಾಂತಮ್ಮ ಸೋಲೊಪ್ಪದೆ ಕೆಳಗಿಳಿದು ರೊಟ್ಟಿಯ ಜೋಳದ ಹಿಟ್ಟು ತಂದರು. ಕೇಕು ಮೂರೂವರೆಗೆ ಇಳಿಯಿತು. ಆಮೇಲಿನ ಹದಿನೈದು ನಿಮಿಷ ಸಂಕೇತನಿಗೆ ಆ ಮೂರು ವರ್ಷಕ್ಕಿಂತ ಉದ್ದವಾದವು. ನಾಲ್ಕನೆಯ ನಿಮಿಷಕ್ಕೆ ಕೈ ಚಾಚಿದ. ಗುರುಶಾಂತಮ್ಮ ಕೈಗೆ ಒಂದೇಟು ಕೊಟ್ಟರು. ಒಂಬತ್ತಕ್ಕೆ ದೌಲತರಾಯರ ಫೋನು, ಹನ್ನೊಂದಕ್ಕೆ ಇನ್ನೊಮ್ಮೆ. ಹದಿನೈದಕ್ಕೆ ಡಬ್ಬಿ ತಿರುಗಿಸಿ ಒಮ್ಮೆ ತಟ್ಟಿದ. ಕೇಕು ಇಡಿಯಾಗಿ, ಒಂದು ಚೂರೂ ಮುಕ್ಕಾಗದೆ ತಟ್ಟೆಗೆ ಇಳಿಯಿತು. ಸಂಕೇತ ಗುರುಶಾಂತಮ್ಮನ ಕಾಲು ಮುಟ್ಟಿ ನಮಸ್ಕರಿಸಿ, ಕಿಟಕಿಯತ್ತ ತಿರುಗಿ ಖಾಸೀಂಬಿಗೆ ಸಲಾಮು ಮಾಡಿ, ಆಟೋ ಹಿಡಿದು ಓಡಿದ.

ಸರಿಯಾಗಿ ನಾಲ್ಕೂವರೆಗೆ ಸಾಹೇಬರ ಕೋಣೆಯಲ್ಲಿ ಕೇಕು ಕತ್ತರಿಸಿದ್ದಾಯಿತು. ಅವರ ಹೆಂಡತಿ ಮಥುರಾಬಾಯಿಯೂ ಬಂದಿದ್ದರು. ಮೂಸಿದರು, ರುಚಿ ನೋಡಿದರು. ಒಂದು ತುಂಡು ಮಗುಚಿ ಅದರ ತಳ ನೋಡಿ ಬೆರಗಾದರು.

"ಮೂವತ್ತು ವರ್ಷ ಆತು, ನನ್ನ ಕೇಕು ಒಂದೂ ಡಬ್ಬಿ ಬಿಟ್ಟು ಬಂದಿಲ್ಲ. ಇದ್ಹ್ಯಾಂಗ ಬಿಡ್ತು?"

ಸಂಕೇತ ಹಿಗ್ಗಿನಿಂದ ತುಪ್ಪ, ಜೋಳದ ಹಿಟ್ಟು, ಸಬರು ಎಲ್ಲ ತಾನೇ ಕಂಡುಹಿಡಿದವನಂತೆ ವಿವರಿಸಿದ. ದೌಲತರಾಯರು ಹಿಂದಿನಿಂದ ಕಾಗದ ಚಾಚಿದರು. ಸಾಹೇಬರು ನಕ್ಕರು.

"ಅದು ಬ್ಯಾಡ್ರಿ." ಡ್ರಾಯರಿನಿಂದ ಬೇರೊಂದು ಹಾಳೆ ತೆಗೆದರು. ಸಹಿ, ಶಿಕ್ಕಾ, ಇವತ್ತಿನ ತಾರೀಖು ಎಲ್ಲ ಇತ್ತು. "ಮುಂಜಾನೇನೇ ರಿಲೀವ್ ಮಾಡೀನಿ. ಸಣ್ಣ ಕೂಸು ಇರೋ ಮನುಷ್ಯಾ, ಐದು ಗಂಟೇಕ್ಕ ಕರ್ದು ಕೊಡಬೇಕಂತ ಇಟ್ಟಿದ್ದೆ."

ಸಂಕೇತನ ಕಣ್ಣು ತುಂಬಿ ಬಂದವು. ಕೈ ಚಾಚಿದ.

"ಏನು, ಇವ್ರು ಹೋಗ್ತಾರ?" ಎಂದರು ಮಥುರಾಬಾಯಿ. "ದೀಪಾವಳಿಗೆ ಮೊಮ್ಮಗನ ಮೊದಲನೇ ಹುಟ್ಟುಹಬ್ಬ. ಐವತ್ತು ಮಂದಿ ಬರ್ತಾರ. ತತ್ತಿ ಇಲ್ದೆ ಇಂಥಾ ಕೇಕು ಮತ್ತ ಯಾರು ಮಾಡ್ತಾರ?"

"ಸಹಿ ಆಗ್ಯದಲಾ..."

"ಸಹಿ ನಿಮ್ದೇ ಅಲ್ಲೇನು?"

ಕಚೇರಿಯನ್ನೆಲ್ಲ ನಡುಗಿಸುವ ಸಾಹೇಬರು ಹೆಂಡತಿಯ ಮುಖ ನೋಡಿದರು, ಕೇಕು ನೋಡಿದರು. ಪ್ಲೇಟುಗಳು ಮುಗಿದಿದ್ದವು. ಎಲ್ಲಕ್ಕಿಂತ ದೊಡ್ಡ ತುಂಡನ್ನು ಆ ಹಾಳೆಯ ಮೇಲಿಟ್ಟು ಸಂಕೇತನ ಕೈಗೆ ಕೊಟ್ಟರು. "ತಿನ್ರಿ, ಮೊದ್ಲು ನೀವು ತಿನ್ರಿ. ಹೋಗೋ ಮಾತು ಮುಂದಿನ ವರ್ಷ ನೋಡೋಣು."

ಸಂಕೇತ ಹೊರಗೆ ಬಂದು ವರಾಂಡದ ಬೆಂಚಿನ ಮೇಲೆ ಕೂತ. ತುಂಡನ್ನು ಹಾಳೆಯಿಂದ ಬಿಡಿಸಲು ನೋಡಿದ. ಸಹಿಯ ಮೇಲೆಯೇ ಗಟ್ಟಿಯಾಗಿ ಅಂಟಿತ್ತು. ಹದಿನೈದು ನಿಮಿಷ ಸಬರ್ ಮಾಡಿ ಮತ್ತೆ ಎಳೆದ. ಕೇಕಿನ ಜೊತೆ ಸಹಿಯೂ ಕಿತ್ತು ಬಂತು.

ಫೋನು ರಿಂಗಾಯಿತು. ಮಂಜರಿಯದು. ಕಿವಿಗಿಟ್ಟುಕೊಂಡರೆ ಆ ಕಡೆಯಿಂದ ಮಗಳ ದನಿ.

"ಮಮ್ಮಿ, ಅಂಕಲ್ ಫೋನ್ ಎತ್ಯಾರ."