ದೊಡ್ಡ ಬಾಯಿಯ ಕಾರ್ಬುರೇಟರ್

ಸಿಂಗಟಗೆರೆಯ ಓಂಕಾರಮೂರ್ತಿ ತನ್ನ ಗಾಡಿಗೆ ಕಾರ್ಬುರೇಟರ್ ತರಲು ಬೀರೂರಿಗೆ ಒಬ್ಬನೇ ಹೋಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಲಕ್ಷ್ಮೀಪತಿಗಳು ಸಿಕ್ಕಿದರು. ರೈಲು ಇಂಜಿನ್ ಓಡಿಸಿ ನಿವೃತ್ತರಾಗಿ ಊರಿಗೆ ಬಂದಿದ್ದ ಅವರು, ಹೊಗೆ ಬಿಡುವ ಯಾವ ವಸ್ತುವನ್ನು ಕಂಡರೂ, ಒಲೆಯನ್ನೂ ಸೇರಿಸಿ, ಬುದ್ಧಿ ಹೇಳುವುದು ತಮ್ಮ ಧರ್ಮವೆಂದು ನಂಬಿದ್ದರು.

ಬಿಡಿಭಾಗಗಳ ಅಂಗಡಿಯ ದತ್ತಾತ್ರಿ ಮೂರು ಕಾರ್ಬುರೇಟರ್‌ಗಳನ್ನು ಹಲಗೆಯ ಮೇಲೆ ಇಟ್ಟ.

"ಕಂಪನೀದು ಬರೋದು ನಿಂತೋಯ್ತು. ಇದು ಅದೇ ಅಳತೆ, ಬೇರೆಯೋರು ಮಾಡಿದ್ದು. ಇದು ಸ್ಕೂಟರಿಂದು. ಇದು ದೊಡ್ಡ ಬೈಕಿಗೆ ಹಾಕೋದು. ನಿಮ್ಮ ಇಂಜಿನ್ನಿಗೆ ಮೊದಲನೇದು ಸಾಕು."

ಓಂಕಾರ ಮೊದಲನೆಯದಕ್ಕೆ ಕೈ ಚಾಚಿದ. ಲಕ್ಷ್ಮೀಪತಿಗಳು ಆ ಕೈಯನ್ನು ಹಿಡಿದುಕೊಂಡರು.

"ತಡಿಯಯ್ಯಾ. ಇದರ ಬಾಯಿ ನೋಡು, ಆ ಕೊನೇದರ ಬಾಯಿ ನೋಡು. ಯಾವುದು ದೊಡ್ಡದು?"

"ಅದು."

"ಜಾಸ್ತಿ ತಿಂದೋನು ಜಾಸ್ತಿ ಎಳೀತಾನೋ, ಕಮ್ಮಿ ಎಳೀತಾನೋ?"

"ಹಂಗಲ್ಲ ಸ್ವಾಮಿ, ಪೆಟ್ರೋಲ್ ಹೆಚ್ಚಾದ್ರೆ..." ಎಂದು ದತ್ತಾತ್ರಿ ಶುರುಮಾಡಿದ.

"ನೀನು ಎಷ್ಟು ಇಂಜಿನ್ ಓಡಿಸಿದ್ದೀಯಪ್ಪಾ?"

ದತ್ತಾತ್ರಿ ಬಿಲ್ ಪುಸ್ತಕ ತೆಗೆದ. ಅಂಗಡಿಗೆ ಬೋಲ್ಟು ಕೊಳ್ಳಲು ಬಂದಿದ್ದವರು, ಬೀಡಿ ಹಚ್ಚಿಕೊಳ್ಳಲು ಬೆಂಕಿ ಕೇಳಿ ಬಂದವನು, ಎಲ್ಲರೂ ದೊಡ್ಡ ಬಾಯಿಯೇ ಸರಿ ಎಂದರು. ಹಿರಿಯರ ಮಾತು ತೆಗೆದುಹಾಕಲಾರದೆ ಓಂಕಾರ ದೊಡ್ಡ ಬಾಯಿಯದನ್ನೇ ತಂದ. ತರುವಾಗಲೇ ಅವನ ಸಿಟ್ಟು ಒಲೆಯ ಮೇಲಿಟ್ಟ ಹುರುಳಿಯಂತೆ ಕುದಿಯತೊಡಗಿತ್ತು.

ಅದನ್ನು ಕೂರಿಸಬೇಕಾಗಿದ್ದ ಗಾಡಿಯನ್ನು ಊರಿನವರು 'ಓಂಕಾರನ ಕತ್ತೆ' ಎನ್ನುತ್ತಿದ್ದರು. ಹಿಂದಿನ ವರ್ಷ ತೀರಿಕೊಂಡ ಅವನ ತಂದೆ ದೇವೀರಪ್ಪನವರ ಎರಡು ಸ್ಟ್ರೋಕಿನ ಬೈಕು ಅದು. ಅವರು ಹೋದಮೇಲೆ ಬೈಕು ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತಿತ್ತು. ಅದನ್ನು ನೋಡುತ್ತಾ ಕೂರಲು ಓಂಕಾರನಿಂದ ಆಗಲಿಲ್ಲ. ಹಿಂದಿನ ಚಕ್ರ ತೆಗೆದು, ಅಗಲ ಟೈರಿನ ಎರಡು ಚಕ್ರ ಹಾಕಿಸಿ, ಮೇಲೆ ತೊಟ್ಟಿ ಕೂರಿಸಿ, ಬದು, ಹಳ್ಳ, ಕೆರೆಯಂಗಳ ಯಾವುದನ್ನೂ ಲೆಕ್ಕಿಸದೆ ತೋಟದಿಂದ ತೆಂಗಿನಕಾಯಿ ತರುವ ಗಾಡಿ ಮಾಡಿದ್ದ. ಇಂಜಿನ್ ಶುರುವಾದಾಗ ಬರುವ ಶಬ್ದ ಅಪ್ಪ ಸಂತೆಯಿಂದ ಮನೆಗೆ ಬರುವಾಗ ಕೇಳುತ್ತಿದ್ದ ಶಬ್ದವೇ ಆಗಿತ್ತು. ಹಾಗೆಂದು ಅವನು ಯಾರಿಗೂ ಹೇಳಿರಲಿಲ್ಲ.

ಹಳೆಯ ಕಾರ್ಬುರೇಟರ್ ಸವೆದಿತ್ತು. ಹೋದ ವಾರ ಗಾಡಿ ಕೆರೆ ಏರಿಯ ಅರ್ಧಕ್ಕೆ ಹತ್ತಿ, ನಿಂತು, ಕಾಯಿಯ ಸಮೇತ ಹಿಂದಕ್ಕೆ ಉರುಳಿ ನೀರಿಗಿಳಿದಿತ್ತು. ಅಣ್ಣ ಮಲ್ಲಿಕಾರ್ಜುನಪ್ಪ ಅವತ್ತೇ ತೀರ್ಪು ಹೇಳಿದ್ದ.

"ಶುಕ್ರವಾರ ತರೀಕೆರೆ ಗುಜರಿಯೋನು ಬತ್ತಾನೆ. ಅಷ್ಟರೊಳಗೆ ನೂರು ಕಾಯಿ ಹೇರ್ಕೊಂಡು ಏರಿ ಹತ್ತಿದ್ರೆ ಇಟ್ಕೋ. ಇಲ್ಲಾಂದ್ರೆ ಅವನು ತುಂಬ್ಕೊಂಡು ಹೋಗ್ಲಿ. ನಾನು ಅಜ್ಜಂಪುರದಿಂದ ಒಂದು ಜೊತೆ ಎತ್ತು ತತ್ತೀನಿ. ಎತ್ತಿಗೆ ಕಾರ್ಬುರೇಟರ್ ಇರಲ್ಲ."

ಇವತ್ತು ಶುಕ್ರವಾರ.

ಬೆಳಿಗ್ಗೆ ಓಂಕಾರ ಅಂಗಳದಲ್ಲಿ ಗೋಣಿತಾಟು ಹಾಸಿ, ಹೊಸದನ್ನು ಕೂರಿಸಿ, ಗಾಳಿಯ ಸ್ಕ್ರೂವನ್ನು ಪೂರ್ತಿ ಬಿಗಿದು ಒಂದೂವರೆ ಸುತ್ತು ಬಿಚ್ಚಿ, ಕಿಕ್ಕರ್ ತುಳಿದ. ಇಂಜಿನ್ ಕೆಮ್ಮಿತು. ಇನ್ನೊಮ್ಮೆ ತುಳಿದ. ಹತ್ತಿಕೊಂಡಿತು. ಅಂಗಳದ ತುಂಬ ಹೊಗೆ ಕವಿದು, ಒಣಗಲು ಹಾಕಿದ್ದ ಸೀರೆಯೂ ಅದನ್ನು ಹಾಕಿದ್ದ ಅವ್ವ ಕಾಶಮ್ಮನೂ ಒಟ್ಟಿಗೆ ಮಾಯವಾದರು.

ಹೊಗೆ ಕಂಡಮೇಲೆ ಲಕ್ಷ್ಮೀಪತಿಗಳು ಬಾರದೆ ಇರುತ್ತಾರೆಯೇ. ಬಂದವರು ಗೋಣಿತಾಟಿನ ಮೇಲೆ ಕೂತು ಸ್ಕ್ರೂ ಡ್ರೈವರ್ ಕೈಗೆ ತೆಗೆದುಕೊಂಡರು.

"ಉಸಿರಾಡಕ್ಕೆ ಬಿಡಬೇಕಯ್ಯಾ ಇದನ್ನ" ಎಂದು ಸ್ಕ್ರೂವನ್ನು ಎರಡು ಸುತ್ತು ಬಿಚ್ಚಿದರು.

"ಸ್ವಾಮಿ, ನಾನು ನೋಡ್ಕೋತೀನಿ."

"ನೀನು ನೋಡ್ತಿರು, ನಾನು ಮಾಡ್ತೀನಿ."

ಇಂಜಿನ್ ನಿಂತಿತು. ಓಂಕಾರ ಹಲ್ಲು ಕಚ್ಚಿಕೊಂಡು ಮತ್ತೆ ಮೊದಲಿನ ಅಳತೆಗೆ ತಂದ. ಅಷ್ಟರಲ್ಲಿ ಕಾಶಮ್ಮ ಊಟಕ್ಕೆ ಕರೆದರು. ಒಂದು ಮುದ್ದೆ ನುಂಗಿ ಬರುವಷ್ಟರಲ್ಲಿ ಹಿಟ್ಟಿನ ಮಿಲ್ಲಿನ ಈರಭದ್ರಪ್ಪ ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಅವನ ಕೈಯಲ್ಲಿ ಅದೇ ಸ್ಕ್ರೂ ಡ್ರೈವರ್.

"ಏನ್ ಮಾಡ್ದೆ ಈರಣ್ಣ?"

"ಗಾಳಿ ಸೋರ್ತಿತ್ತು ಕಣೋ. ಬಿಗೀ ಮಾಡ್ದೆ. ನಮ್ಮ ಮಿಲ್ಲಲ್ಲಿ ಎಲ್ಲಾದ್ರೂ ಗಾಳಿ ಹೊಕ್ಕಂದ್ರೆ ಇಂಜಿನ್ ಸತ್ತಂಗೇ."

"ನಿಮ್ಮದು ಡೀಸೆಲ್ಲು. ಇದು ಪೆಟ್ರೋಲು."

"ಎರಡೂ ಬಂಕಲ್ಲೇ ಸಿಗ್ತದಲ್ಲ."

"ಅವನ ಮಾತು ಕೇಳಬೇಡ" ಎಂದರು ಲಕ್ಷ್ಮೀಪತಿಗಳು. "ಹಿಟ್ಟು ಬೀಸೋದೇ ಬೇರೆ, ಎಳೆಯೋದೇ ಬೇರೆ. ಕೊಡಿಲ್ಲಿ." ಮತ್ತೆ ಬಿಚ್ಚಿದರು. ಈರಭದ್ರಪ್ಪ ಕಸಿದುಕೊಂಡು ಬಿಗಿದ. ಸ್ಕ್ರೂವಿನ ತಲೆಯ ಗೀರು ಸವೆದು ಮುದುಕನ ಒಸಡಿನಂತಾಯಿತು. ಹೋಗುವವರು, ಬರುವವರು ನಿಂತರು. ಪೆಟ್ರೋಲಿಗೆ ಆಯಿಲ್ ಜಾಸ್ತಿ ಬೆರೆಸಿದ್ದೀಯ ಎಂದ ಒಬ್ಬ. ಕಮ್ಮಿಯಾಗಿದೆ ಎಂದ ಇನ್ನೊಬ್ಬ. ಪಕ್ಕದ ಮನೆಯ ಪಾಪಮ್ಮ ಗೋಡೆಯ ಮೇಲಿಂದ ಬಗ್ಗಿ, "ಕಣ್ಣು ಬಿದ್ದೈತೆ ಕಣಪ್ಪ, ಮೆಣಸಿನಕಾಯಿ ನಿವಾಳಿಸು" ಎಂದಳು. ಅವತ್ತು ಬಂದ ಸಲಹೆಗಳಲ್ಲಿ ಇಂಜಿನ್ನಿಗೆ ಹಾನಿ ಮಾಡದ ಸಲಹೆ ಅದೊಂದೇ.

ಮಲ್ಲಿಕಾರ್ಜುನಪ್ಪ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. "ಹೊತ್ತು ಇಳೀತದೆ" ಎಂದ, ಅಷ್ಟೇ.

ಓಂಕಾರ ಇಂಜಿನ್ನನ್ನು ಹೇಗೋ ಹತ್ತಿಸಿ ಕಾಯಿ ಹೇರಿದ. ಏರಿಯ ಬುಡಕ್ಕೆ ಬಂದಾಗ ಲಕ್ಷ್ಮೀಪತಿಗಳೂ ಈರಭದ್ರಪ್ಪನೂ ತೊಟ್ಟಿಯೊಳಗೆ ಹತ್ತಿ ಕಾಯಿಗಳ ಮೇಲೆ ಕೂತಿದ್ದರು.

"ಇಳೀರಿ."

"ಶಬ್ದ ಕೇಳಬೇಕಯ್ಯಾ. ದೂರದಿಂದ ಕೇಳಿದ್ರೆ ಏನು ತಿಳಿಯತ್ತೆ?"

"ಅವರು ಇಳಿದ್ರೆ ನಾನೂ ಇಳೀತೀನಿ" ಎಂದ ಈರಭದ್ರಪ್ಪ. ಯಾರೂ ಇಳಿಯಲಿಲ್ಲ.

ಓಂಕಾರ ಆಕ್ಸಿಲರೇಟರ್ ತಿರುವಿದ. ಗಾಡಿ ಅರ್ಧ ಏರಿ ಹತ್ತಿತು. ಅಲ್ಲಿ, ಪೂರ್ತಿ ತಿರುವಿದ ಕೂಡಲೆ, ಇಂಜಿನ್ ನೀರಿನಲ್ಲಿ ಮುಳುಗಿಸಿದ ತಂಬಿಗೆಯಂತೆ ಗುಳುಗುಳು ಎಂದು ನಿಂತೇಹೋಯಿತು. ಬ್ರೇಕು ಹಿಡಿಯಲಿಲ್ಲ. ಗಾಡಿ ಹಿಮ್ಮುಖವಾಗಿ ಇಳಿಯಿತು. ಕಾಯಿಗಳು ಮುಂಚೆ ಇಳಿದವು, ಆಮೇಲೆ ಈರಭದ್ರಪ್ಪ. ಮೈಮೇಲಿನ ಹಿಟ್ಟು ಕೆರೆಯ ಕೆಸರಿನಲ್ಲಿ ಕಲೆತು ಅವನು ರೊಟ್ಟಿ ತಟ್ಟಲು ತಯಾರಾದ ಮುದ್ದೆಯಂತೆ ಎದ್ದು ನಿಂತ. ಲಕ್ಷ್ಮೀಪತಿಗಳು ಮಾತ್ರ ತೊಟ್ಟಿಯ ಅಂಚು ಹಿಡಿದು ಕೂತೇ ಇದ್ದರು. ಗಾಡಿ ನಿಂತಮೇಲೆ, "ಬಾಯಿ ಇನ್ನೂ ದೊಡ್ಡದು ಬೇಕಿತ್ತು" ಎಂದರು.

ಓಂಕಾರ ಕೆಳಗಿಳಿದ. ಅವನ ಮುಖ ಕಾದ ಸೈಲೆನ್ಸರಿನ ಬಣ್ಣಕ್ಕೆ ಬಂದಿತ್ತು.

"ಒಂದು ಮಾತು ಹೇಳ್ತೀನಿ, ಎಲ್ಲರೂ ಕೇಳಿ. ನಮ್ಮಪ್ಪ ಹದಿನೈದು ವರ್ಷ ಓಡಿಸಿದ ಇಂಜಿನ್ ಇದು. ಅವರು ಇದ್ದಾಗ ಒಬ್ರೂ ಮುಟ್ಟಿರ್ಲಿಲ್ಲ. ಈಗ ಊರಿಗೆ ಊರೇ ಬಂದು ಕೈ ಹಾಕ್ತಾ ಇದೆ. ಇವತ್ತು ಇದು ಗುಜರಿಗೆ ಹೋದ್ರೆ ಅಣ್ಣ ಕಳಿಸಿದ್ದಲ್ಲ, ನೀವು ಕಳಿಸಿದ್ದು. ಸ್ವಾಮಿ, ನೀವು ಹಿರಿಯರು, ಇಳಿದು ಮನೆಗೆ ಹೋಗಿ. ಈರಣ್ಣ, ಆ ಸ್ಕ್ರೂ ಡ್ರೈವರ್ ಕೆಳಗಿಡು. ಇನ್ನೊಂದು ಸಲ ಯಾವನಾದ್ರೂ ಮುಟ್ಟಿದ್ರೆ ಕೈ ಮುರೀತೀನಿ."

ಅವನ ದನಿ ಕೊನೆಯಲ್ಲಿ ಒಡೆಯಿತು. ಕಾಯಿ ಆಯಲು ಬಂದಿದ್ದ ಕಾಶಮ್ಮ ಮಗನ ಮುಖ ನೋಡಿ, ಬುಟ್ಟಿಯನ್ನು ಅಲ್ಲೇ ಇಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು. ಜನ ಕರಗಿದರು. ಲಕ್ಷ್ಮೀಪತಿಗಳು ಹೋಗುವಾಗ, "ಸಿಟ್ಟು ಇಂಜಿನ್ನಿಗೆ ಒಳ್ಳೇದಲ್ಲ" ಎಂದು ಕೊನೆಯ ಸಲಹೆಯನ್ನೂ ಕೊಟ್ಟೇ ಹೋದರು.

ಒಬ್ಬನೇ ಉಳಿದಾಗ ಓಂಕಾರನಿಗೆ ಬುದ್ಧಿ ಓಡಿತು. ಗಾಡಿಯನ್ನು ಅಂಗಳಕ್ಕೆ ತಳ್ಳಿಕೊಂಡು ಬಂದು, ಕಿಡಿ ಹಾರಿಸುವ ಪ್ಲಗ್ಗು ಬಿಚ್ಚಿ ನೋಡಿದ. ಮಸಿ ಹಿಡಿದು, ಒದ್ದೆಯಾಗಿತ್ತು. ಪೆಟ್ರೋಲು ಹೆಚ್ಚಾಗಿ ಇಂಜಿನ್ ಮುಳುಗಿ ಸಾಯುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಸ್ಕ್ರೂವನ್ನು ಎಷ್ಟು ತಿರುವಿದರೂ ಆ ದೋಷ ಹೋಗುವಂಥದ್ದಲ್ಲ. ಹಳೆಯ ಕಾರ್ಬುರೇಟರಿನ ಹೊಟ್ಟೆಯಲ್ಲಿ ಪೆಟ್ರೋಲು ಬಿಡುವ ಹಿತ್ತಾಳೆಯ ಜೆಟ್ ಇತ್ತು, ಅದರ ತೂತು ಸಣ್ಣದು. ಅದನ್ನು ಬಿಚ್ಚಿ ಹೊಸದಕ್ಕೆ ಹಾಕಿದ. ತಿರುಪಿನ ಸುತ್ತು ಅದೇ ಅಳತೆಯದಾಗಿತ್ತು, ಕೂತಿತು. ಪೆಟ್ರೋಲು ಇನ್ನೂ ಕಮ್ಮಿ ಹರಿಯಲೆಂದು ಒಳಗಿನ ಸೂಜಿಯನ್ನು ಒಂದು ಗೀರು ಕೆಳಕ್ಕೆ ಇಳಿಸಿದ. ಪ್ಲಗ್ಗನ್ನು ಉಜ್ಜಿ ಒರೆಸಿ ಹಾಕಿ, ಕಣ್ಣು ಮುಚ್ಚಿ ಅಪ್ಪನನ್ನು ನೆನೆದು ತುಳಿದ.

ಒಂದೇ ತುಳಿತಕ್ಕೆ ಹತ್ತಿಕೊಂಡಿತು. ಆ ಶಬ್ದ ಕೇಳಿ ಜಗಲಿಯ ಮೇಲಿದ್ದ ಮಲ್ಲಿಕಾರ್ಜುನಪ್ಪ, ತನಗೇ ತಿಳಿಯದಂತೆ, ತಂದೆ ಬಂದಾಗ ಏಳುವ ಹಾಗೆ ಎದ್ದು ನಿಂತ.

ತರೀಕೆರೆಯ ಗುಜರಿ ಲಾರಿ ಊರ ಮುಂದೆ ಬಂದು ನಿಲ್ಲುವುದಕ್ಕೂ ಓಂಕಾರ ನೂರು ಕಾಯಿ ಹೇರಿ ಏರಿಗೆ ಹೊರಡುವುದಕ್ಕೂ ಸರಿಹೋಯಿತು. ಅವನು ಬೈದು ಕಳಿಸಿದ್ದ ಜನವೆಲ್ಲ ಮತ್ತೆ ಸೇರಿದ್ದರು, ಆದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಗಾಡಿ ಏರಿಯ ಅರ್ಧಕ್ಕೆ ಬಂತು. ಅಲ್ಲಿ ಅದರ ದನಿ ಸ್ವಲ್ಪ ಭಾರವಾಯಿತು, ಜನ ಉಸಿರು ಹಿಡಿದರು. ಆಮೇಲೆ ಅದೇ ದನಿ ಗಟ್ಟಿಯಾಗಿ, ಹೊಗೆಯಿಲ್ಲದೆ, ಮೇಲಕ್ಕೆ ಹೋಗಿ ನಿಂತಿತು.

"ನಾನು ಬಿಗಿ ಮಾಡಿದ್ದು ಈಗ ಹಿಡೀತು ನೋಡು" ಎಂದ ಈರಭದ್ರಪ್ಪ.

"ಆಯ್ಕೆ ಯಾರದು ಅಂತ ಕೇಳಿ" ಎಂದರು ಲಕ್ಷ್ಮೀಪತಿಗಳು.

ಮಲ್ಲಿಕಾರ್ಜುನಪ್ಪ ಗುಜರಿಯವನ ಹತ್ತಿರ ಹೋಗಿ, "ಖಾಲಿ ಹೋಗಪ್ಪ, ಕೊಡಲ್ಲ" ಎಂದು ಹೇಳಿ ಬಂದ. ತಮ್ಮನ ಹೆಗಲ ಮೇಲೆ ಕೈಯಿಟ್ಟು, "ಮಾತಂದ್ರೆ ಮಾತು ಕಣೋ. ನಿಂದೇ ಗಾಡಿ" ಎಂದ. ಓಂಕಾರನ ಸಿಟ್ಟು ಬೆಳಗಿನಿಂದ ಮೊದಲ ಬಾರಿಗೆ ಇಳಿಯಿತು.

ಆಗ ಕಾಶಮ್ಮ ಏರಿಯ ಮೇಲೆ ಬಂದರು. ಅವರ ಹಿಂದೆ ಊರಾಚೆಯ ಮಠದ ಅಯ್ಯನವರು ಒಂದು ಸೇವಂತಿಗೆ ಹಾರ ಹಿಡಿದು ಬರುತ್ತಿದ್ದರು. ಬಂದವರೇ ಹಾರವನ್ನು ಗಾಡಿಯ ಹ್ಯಾಂಡಲಿಗೆ ಹಾಕಿ, ಟ್ಯಾಂಕಿಗೆ ಮೂರು ಬೆರಳ ವಿಭೂತಿ ಎಳೆದರು.

"ದಾಸೋಹಕ್ಕೆ ಅಕ್ಕಿ, ಸೌದೆ ಹೊರೋದು ಭಾಳ ಕಷ್ಟ ಆಗಿತ್ತು ಕಣಪ್ಪಾ. ದೊಡ್ಡ ಮನಸ್ಸು ಮಾಡಿದ್ರಿ" ಎಂದರು ಓಂಕಾರನಿಗೆ.

"ಏನ್ ಮನಸ್ಸು?"

ಕಾಶಮ್ಮ ಸೆರಗು ಸರಿಮಾಡಿಕೊಂಡರು. "ನೀನು ಅಳೋ ಹಂಗೆ ಆಗಿದ್ದೆಯಲ್ಲೋ ಮಗಾ. ನಂಗೆ ತಡ್ಕೊಳ್ಳಕ್ಕಾಗ್ಲಿಲ್ಲ. ಮಠಕ್ಕೆ ಹೋಗಿ ಅಜ್ಜಯ್ಯನ ಗದ್ದುಗೆ ಮುಂದೆ ಕೇಳ್ಕೊಂಡೆ. ಗಾಡಿ ಏರಿ ಹತ್ತಿದ್ರೆ ಆ ಗಾಡೀನ ನಿನ್ನ ಮಠಕ್ಕೇ ಬಿಡ್ತೀನಿ ಅಂದೆ."

"ಅವ್ವಾ, ಹರಕೆ ಅಂದ್ರೆ ಒಂದು ಕಾಯಿ ಒಡೀತೀನಿ ಅನ್ನಬಾರ್ದಿತ್ತಾ?"

"ಸಣ್ಣದಕ್ಕೆಲ್ಲ ಇದು ಹತ್ತೋ ಹಂಗಿತ್ತೇನೋ? ಬೆಳಿಗ್ಗೆಯಿಂದ ನೀನೇ ನೋಡಿದ್ದೀಯ." ಆಮೇಲೆ ದನಿ ತಗ್ಗಿಸಿ, "ನಿಮ್ಮಪ್ಪಂದು, ಗುಜರಿಯೋರ ಸುತ್ತಿಗೆಗೆ ಹೋಗೋದಕ್ಕಿಂತ ದೇವರ ಹತ್ರ ಇರ್ಲಿ ಅಂತ" ಎಂದರು.

ಓಂಕಾರ ಬಾಯಿ ತೆರೆದ. ಬೈಯುವುದಕ್ಕೆ ಯಾರೂ ಸಿಗಲಿಲ್ಲ. ಅವ್ವನನ್ನು ಬೈಯುವಂತಿಲ್ಲ, ಅಯ್ಯನವರನ್ನು ಬೈಯುವಂತಿಲ್ಲ, ಅಜ್ಜಯ್ಯನಂತೂ ಕೇಳಿದ್ದನ್ನು ಕೇಳಿದ ಹಾಗೆ ನಡೆಸಿಕೊಟ್ಟಿದ್ದ. ಅಣ್ಣನತ್ತ ನೋಡಿದ.

"ಹರಕೆ ಅಂದ್ಮೇಲೆ ಮುಗೀತು" ಎಂದ ಮಲ್ಲಿಕಾರ್ಜುನಪ್ಪ. "ಸೋಮವಾರ ಅಜ್ಜಂಪುರಕ್ಕೆ ಹೋಗನ. ಎತ್ತು ನೋಡಕ್ಕೆ ನೀನೂ ಬಾ."

ಕಾಯಿಗಳನ್ನು ಇಳಿಸಿದರು. ಅಯ್ಯನವರು ತೊಟ್ಟಿಯೊಳಗೆ ಹತ್ತಿ ಪದ್ಮಾಸನ ಹಾಕಿ ಕೂತರು. ಮಠಕ್ಕೆ ಹೋಗುವ ದಾರಿ ಹೊಲದ ಬದುಗಳ ಮೇಲೆ, ಒಂದು ಹಳ್ಳ ದಾಟಿ, ಕಲ್ಲು ತುಂಬಿದ ದಿಬ್ಬ ಹತ್ತಿ ಹೋಗುತ್ತದೆ. ಎಲ್ಲಿಯಾದರೂ ಒಂದು ಕಡೆ ಇಂಜಿನ್ ಕೆಮ್ಮಲಿ, ಒಂದು ಸಲ ನಿಲ್ಲಲಿ, ಇದು ಮಠಕ್ಕೆ ತಕ್ಕದ್ದಲ್ಲ ಎಂದು ಅಯ್ಯನವರೇ ಹೇಳಲಿ ಎಂದು ಓಂಕಾರ ದಾರಿಯುದ್ದಕ್ಕೂ ಶಿವನನ್ನು ಬೇಡಿಕೊಂಡ. ದಿಬ್ಬದ ಬುಡದಲ್ಲಿ, ಇಂಜಿನ್ ನಿಲ್ಲಲೆಂದು, ಬೇಕೆಂದೇ ಗೇರು ಬದಲಿಸಲಿಲ್ಲ.

ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಮಠದ ಬಾಗಿಲಿನ ತನಕ ಅಪ್ಪನ ಬೈಕಿನ ಹಾಗೆಯೇ ಹಾಡುತ್ತಾ ಹೋಯಿತು.