ಯಲ್ಲಪ್ಪನ ಅಂಗೈ ಮತ್ತು ನನ್ನ ಚಿಪ್

ಅರ್ಧ ಕಲಿತವನ ಕೈಗೆ ಅಧಿಕಾರ ಕೊಡಬಾರದು. ಸೋಲ್ಡರಿಂಗ್ ಐರನ್ ಅಂತೂ ಕೊಡಲೇಬಾರದು. ಅನುಭವದಿಂದ ಹೇಳುತ್ತಿದ್ದೇನೆ, ಆ ಅರ್ಧ ಕಲಿತವನು ನಾನೇ. ತೊಂಬತ್ತರ ದಶಕದಲ್ಲಿ ಗೋವಾದ ಫೋಂಡಾದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ನಾನು ಎಲೆಕ್ಟ್ರಿಕಲ್ ಸೂಪರ್‌ವೈಸರ್. ಬೀಜ ಸಾಗಿಸುವ ಬೆಲ್ಟಿಗೆ ಏನಾದರೂ ಸಿಕ್ಕಿಕೊಂಡರೆ ಮೋಟಾರು ಮಿತಿಮೀರಿ ಕರೆಂಟು ಎಳೆಯುತ್ತಿತ್ತು, ಅದನ್ನು ಓಡಿಸುವ ಡ್ರೈವರ್ ಬೋರ್ಡು ಸುಟ್ಟುಹೋಗುತ್ತಿತ್ತು. ಎರಡು ಬೋರ್ಡು ಸುಟ್ಟ ಮೇಲೆ ಮಾಲೀಕರು, ಮೂರನೆಯದೂ ಸುಟ್ಟರೆ ಅದರ ಜೊತೆ ನೀವೂ ಹೊರಗೆ ಎಂದುಬಿಟ್ಟರು.

ಅಲ್ಲಿಯವರೆಗೆ ಮೋಟಾರು ಕಾಯುತ್ತಿದ್ದವನು ಬಾಗಲಕೋಟೆ ಕಡೆಯ ಯಲ್ಲಪ್ಪ. ಗಳಿಗೆಗೊಮ್ಮೆ ಅದರ ಮೇಲೆ ಅಂಗೈ ಇಟ್ಟು, "ಕಾದೈತ್ರಿ, ಬಂದ್ ಮಾಡತೇನಿ" ಎನ್ನುವವನು. ಎರಡು ಬೋರ್ಡೂ ಅವನು ಊಟಕ್ಕೆ ಹೋದಾಗಲೇ ಸುಟ್ಟಿದ್ದವು; ನನ್ನ ಡಿಪ್ಲೊಮಾ ಅದನ್ನು ಗಮನಿಸಲಿಲ್ಲ. ಅಂಗೈಯಂತೆ ಅಂಗೈ ಎಂದು ಮೂಗು ಮುರಿದು, ಪುಟ್ಟ ಕಂಪ್ಯೂಟರಿನಂಥ ಒಂದು ಮೈಕ್ರೋಕಂಟ್ರೋಲರ್ ಚಿಪ್ ತಂದು, ಡಬ್ಬಿಯೊಂದರಲ್ಲಿಟ್ಟು ಮೋಟಾರಿನ ಪಕ್ಕ ಕೂರಿಸಿದೆ. ಅದು ತನ್ನ ಅನಲಾಗ್ ಇನ್‌ಪುಟ್ಟಿನಲ್ಲಿ ಮೋಟಾರಿನ ಕರೆಂಟನ್ನು ಸದಾ ಓದುತ್ತಿದ್ದು, ಮಿತಿ ದಾಟಿದೊಡನೆ ಡ್ರೈವರನ್ನು ನಿಲ್ಲಿಸಬೇಕು. ನಿಲ್ಲಿಸಿತು. ಶುರು ಮಾಡಿದಾಗಲೆಲ್ಲ ನಿಲ್ಲಿಸಿತು. ಯಾವ ಮೋಟಾರೇ ಆಗಲಿ, ಹೊರಡುವಾಗ ಒಂದು ಕ್ಷಣ ಹೆಚ್ಚು ಕರೆಂಟು ಎಳೆಯುತ್ತದೆ. ಆ ಕ್ಷಣವನ್ನು ಬಿಟ್ಟುಬಿಡು ಎಂದು ಚಿಪ್‌ಗೆ ಹೇಳಿಕೊಡುವಷ್ಟು ಬುದ್ಧಿ ನನಗಿರಲಿಲ್ಲ.

"ಸಾಹೇಬ್ರ, ಇದು ಭಾಳ ಅಂಜುಬುರುಕ ಐತ್ರಿ" ಎಂದ ಯಲ್ಲಪ್ಪ. ಮಾಲೀಕರು ನೋಡಲು ಬರುವ ದಿನ ಮರ್ಯಾದೆ ಉಳಿಸಿಕೊಳ್ಳಲು, ಕರೆಂಟು ಎಂದೂ ಮುಟ್ಟಲಾರದಷ್ಟು ಮೇಲಕ್ಕೆ ಆ ಮಿತಿಯನ್ನು ಏರಿಸಿಬಿಟ್ಟೆ. ಕಾವಲುಗಾರನಿಗೆ ನಾನೇ ನಿದ್ದೆಗುಳಿಗೆ ಕೊಟ್ಟಂತಾಯಿತು.

ಬೆಲ್ಟು ಠೀವಿಯಿಂದ ಓಡಿತು. ಮಾಲೀಕರಿಗೆ ಡಬ್ಬಿಯ ಮೇಲೊಂದು ಕೆಂಪು ದೀಪ ಮಿನುಗಿದರೆ ಸಾಕು, ಅದೇ ವಿಜ್ಞಾನ. ಅವರು ಅದನ್ನು ನೋಡಿ ತಲೆದೂಗುತ್ತಿರುವಾಗಲೇ ಗೋಣಿಚೀಲವೊಂದು ರೋಲರಿಗೆ ಸುತ್ತಿಕೊಂಡಿತು. ಮೋಟಾರು ನರಳಿತು. ಚಿಪ್ ಸುಮ್ಮನೆ ಓದುತ್ತಲೇ ಇತ್ತು. ನನ್ನ ಕೆಲಸ ಹೋಯಿತೆಂದುಕೊಂಡೆ. ಅಷ್ಟರಲ್ಲಿ ಬೆಲ್ಟು ಗಕ್ಕನೆ ನಿಂತಿತು. ಮಾಲೀಕರ ಬೆನ್ನ ಹಿಂದೆ ಯಲ್ಲಪ್ಪ ಸ್ವಿಚ್ಚು ಆರಿಸಿದ್ದ. ಅದನ್ನು ಕಾಣದ ಮಾಲೀಕರು ನನ್ನ ಕೈ ಕುಲುಕಿ, ಇಂಥ ಚಿಪ್ ಇರುವಾಗ ಮೋಟಾರು ಕಾಯಲು ಈ ಆಳೇಕೆ, ನಾಳೆಯಿಂದ ಇವನನ್ನು ತೆಗೆದುಬಿಡಿ ಎಂದರು.

ನಿಜ ಹೇಳುವ ಧೈರ್ಯ ನನಗೆಲ್ಲಿ ಬರಬೇಕು? "ಚಿಪ್ ಮೇಲಿನ ಧೂಳು ಒರೆಸಲು ಒಬ್ಬ ಬೇಕೇಬೇಕು ಸರ್" ಎಂದೆ. ಒಪ್ಪಿದರು! ಅವರು ಹೋದ ಮೇಲೆ ನಾಚಿಕೆಯಿಂದ ಯಲ್ಲಪ್ಪನ ಕಡೆ ನೋಡಿದೆ. ಅವನು ಆಗಲೇ ಹೆಗಲ ಮೇಲಿನ ವಸ್ತ್ರದಿಂದ ಡಬ್ಬಿ ಒರೆಸುತ್ತಿದ್ದ.

"ನಿಮ್ಮ ಚಿಪ್ ಖರೇನ ಶಾಣ್ಯಾ ಐತ್ರಿ ಸಾಹೇಬ್ರ" ಎಂದ, ಒಂದಿಷ್ಟೂ ನಗದೆ. "ನಾ ಬಂದ್ ಮಾಡಿದ ಕೂಡ್ಲೇ ನಿಂತಬಿಡ್ತು."