ಕನ್ನಡಕದಂಗಡಿಯಲ್ಲಿ ನನ್ನ ವ್ಯಾಪಾರ

ಕೊಬ್ಬರಿ ವ್ಯಾಪಾರದಲ್ಲಿ ನನ್ನನ್ನು ಯಾಮಾರಿಸುವವನು ತಿಪಟೂರು ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ! ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಗಿಟುಕಿನ ಜಾತಕ ಹೇಳಿಬಿಡುತ್ತೇನೆ. ದೂರದ್ದು ಮಾತ್ರ ಈಚೆಗೆ ಮಸುಕಾಗಿತ್ತು. ಬಸ್ಸಿನ ಬೋರ್ಡು ಕಾಣದೆ, ಮಾಯಸಂದ್ರಕ್ಕೆ ಹೊರಟವನು ಸಂಪಿಗೆ ಎಂಬ ಊರಿನಲ್ಲಿ ಇಳಿದಿದ್ದೂ ಉಂಟು. ಆದರೂ ಕನ್ನಡಕಕ್ಕೆ ನಾನು ಬಗ್ಗಿರಲಿಲ್ಲ.

ಬಗ್ಗಿಸಿದವಳು ಮೊಮ್ಮಗಳು ಸಿಂಚನ. ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳ ನೃತ್ಯವಿತ್ತು.

"ತಾತ, ನೀನು ನನ್ನನ್ನೇ ನೋಡ್ತಿರ್ಬೇಕು. ಭಯ ಆದ್ರೆ ನಾನು ನಿನ್ ಮುಖ ನೋಡ್ತೀನಿ" ಎಂದಳು.

ಮಗು ಇಷ್ಟು ಕೇಳಿದ ಮೇಲೆ ಇಲ್ಲ ಎನ್ನಲಾದೀತೇ? ಹೆಂಡತಿ ಗಿರಿಜಳೊಂದಿಗೆ ತುರುವೇಕೆರೆಯ ಕನ್ನಡಕದಂಗಡಿಗೆ ಹೊರಟೆ.

"ರೀ, ಕಂಡಿದ್ದನ್ನ ಕಂಡಂಗೆ ಹೇಳಿ. ಅಲ್ಲಿ ನಿಮ್ ವ್ಯಾಪಾರ ಬ್ಯಾಡ ಕಣ್ರೀ" ಎಂದು ಅವಳು ದಾರಿಯಲ್ಲೇ ಎಚ್ಚರಿಸಿದಳು.

ಕಣ್ಣು ಪರೀಕ್ಷಿಸುವ ಹುಡುಗಿ ಮೊದಲು ಯಂತ್ರದೊಳಗೆ ಇಣುಕಿಸಿದಳು. ಆಮೇಲೆ ಮೂಗಿನ ಮೇಲೆ ದಪ್ಪ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತಾ ಕೇಳಿದಳು: "ಇದು ಚೆನ್ನಾಗಿದೆಯಾ ಸಾರ್, ಅದಾ?"

ಒಂದು ಗಾಜಿನಲ್ಲಿ ಗೋಡೆಯ ಮೇಲಿನ ಕೊನೆಯ ಸಾಲಿನ ಅಕ್ಷರವೂ ಫಳಫಳ ಹೊಳೆಯಿತು. ಆದರೆ ಒಳ್ಳೆ ಮಾಲು ಕಂಡಾಗ ಮೂಗು ಮುರಿಯಬೇಕು, ಇದು ನಮ್ಮ ಕಸುಬಿನ ಮೊದಲ ಪಾಠ. ಹಿಡಿಸಿತೆಂದು ಬಾಯಿಬಿಟ್ಟರೆ ರೇಟು ಏರುವುದಿಲ್ಲವೇ? ಮುಖ ಗಂಟು ಹಾಕಿ, "ಅಷ್ಟಕ್ಕಷ್ಟೇ ಕಣಮ್ಮ" ಎಂದೆ. ಮಂಜು ಕವಿದಂತಿದ್ದ ಇನ್ನೊಂದಕ್ಕೆ, "ಇದು ಪರವಾಗಿಲ್ಲ" ಎಂದೆ.

"ಯಂತ್ರದಲ್ಲಿ ಬೇರೆ ಬಂದಿತ್ತಲ್ಲ ಸಾರ್?"

"ಯಂತ್ರಕ್ಕೇನ್ ಗೊತ್ತಮ್ಮ? ಕಣ್ಣು ನಂದು!"

ಅವಳು ಹತ್ತಾರು ಸಲ ಕೇಳಿದಳು. ನಾನು ಜಗ್ಗಲಿಲ್ಲ. ಒಳ್ಳೆಯದನ್ನು ಹಳಿದೆ, ಕೆಟ್ಟದ್ದನ್ನು ಹೊಗಳಿದೆ. ಕೊನೆಗೆ ಅವಳು ಸೋತಳು!

ಕನ್ನಡಕ ಕೈಗೆ ಬಂದದ್ದು ವಾರ್ಷಿಕೋತ್ಸವದ ದಿನವೇ. ಹಾಕಿಕೊಂಡರೆ ಹೊಸ್ತಿಲೇ ಕಾಣದೆ ಎಡವಿದೆ. ಹೊಸ ಚಪ್ಪಲಿಯೂ ಮೊದಲು ಕಚ್ಚುತ್ತದಲ್ಲ ಎಂದುಕೊಂಡು, ಬಿಗುಮಾನದಿಂದ ಹೋಗಿ ಮುಂದಿನ ಸಾಲಿನಲ್ಲೇ ಕುಳಿತೆ.

ವೇದಿಕೆಯ ಮೇಲೆ ಬಣ್ಣಗಳು ಓಡಾಡುತ್ತಿದ್ದವು. ಸಿಂಚನಳದು ಹಳದಿ ಲಂಗ ಎಂದು ಗಿರಿಜ ಹೇಳಿದ್ದಳು. ನಾನು ಹಳದಿಯನ್ನೇ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಆ ಹಳದಿ ಸರ್ರನೆ ಜಾರಿ ನೆಲಕ್ಕೆ ಹರಡಿತು. ಅಬ್ಬಾ, ಎಂಥಾ ಭಂಗಿ! ಎದ್ದು ನಿಂತು, ನಗುತ್ತಾ, ಸಭೆಗೆಲ್ಲ ಕೇಳುವಂತೆ ಚಪ್ಪಾಳೆ ತಟ್ಟಿದೆ. "ಭಲೇ! ಭಲೇ!"

ಗಿರಿಜ ಪಂಚೆ ಹಿಡಿದು ಜಗ್ಗಿದಳು. "ಕೂತ್ಕಳ್ರೀ! ಮಗು ಬಿದ್ದೈತೆ!"

ಚಪ್ಪಾಳೆ ಅರ್ಧಕ್ಕೇ ನಿಲ್ಲಿಸಿ ಕುಳಿತೆ. ಮಗುವಿಗೆ ಪೆಟ್ಟೇನೂ ಆಗಿರಲಿಲ್ಲ. ಆದರೆ ಮನೆಗೆ ಬರುವಾಗ ಅವಳು ಅಜ್ಜಿಯ ಸೆರಗಿನೊಳಗಿಂದಲೇ ಬಿಕ್ಕಿದಳು:

"ನಾನು ಬಿದ್ದ ತಕ್ಷಣ ನಿನ್ ಮುಖ ನೋಡ್ದೆ ತಾತ. ಯಾರೂ ನಗ್ತಿರ್ಲಿಲ್ಲ. ನೀನೊಬ್ನೇ ನಗ್ತಿದ್ದೆ."

ಕನ್ನಡಕ ಕಳಚಿ ಜೇಬಿಗೆ ತುರುಕಿಕೊಂಡೆ. ಆ ಸಂಕಟವನ್ನು ಹೇಳಿ ತೀರಿಸಲಾರೆ.

ಬೆಳಗಾದೊಡನೆ ಅಂಗಡಿಗೆ ಓಡಿದೆ. ಆ ಹುಡುಗಿಯ ಎದುರು, ಕಂಡದ್ದನ್ನು ಕಂಡ ಹಾಗೆ ಒಪ್ಪಿಕೊಂಡೆ. ಹೊಸ ಕನ್ನಡಕ ಬಂತು. ಅಪ್ಪಟ ಮಾಲು! ಸಿಂಚನ ನನ್ನ ಕಡೆ ತಿರುಗಿಯೂ ನೋಡದೆ ಶಾಲೆಗೆ ಹೋಗುವುದು, ರಸ್ತೆಯ ತಿರುವಿನವರೆಗೂ ಸ್ವಚ್ಛವಾಗಿ ಕಾಣುತ್ತದೆ.